ಮನೆಯವರೆಲ್ಲ ಕಣ್ಣಿಗೆ ಬಟ್ಟಲು ಕಟ್ಟಿಕೊಂಡ ಮಳೆಗಾಲ

ಕಳೆದ ವಾರ ಗಾಂಧಿ ಬಜಾರಿನ ಹತ್ತಿರ ಒಬ್ಬರ ಮನೆಗೆ ಲಗ್ನಪತ್ರಿಕೆಯ ಮಾದರಿ ತೋರಿಸಲು ಹೋಗಿದ್ದೆ. ಮೊಮ್ಮಗಳ ಮದುವೆ, ಅಜ್ಜಿ ಒಪ್ಪದೆ ಪತ್ರಿಕೆ ಅಚ್ಚಾಗುವ ಹಾಗಿಲ್ಲ, ಅಜ್ಜಿಗೆ ಅಂಗಡಿಯ ತನಕ ಬರಲು ಮಂಡಿ ಬಿಡುವುದಿಲ್ಲ. ಕೆಲಸ ಮುಗಿಸಿ ಆಟೋ ಹುಡುಕುತ್ತ ಹಿಂದಿನ ಅಡ್ಡರಸ್ತೆಗೆ ತಿರುಗಿದೆ. ಮಳೆ ಆಗತಾನೆ ನಿಂತಿತ್ತು. ಮೂಲೆಯ ಅಂಗಡಿಯಲ್ಲಿ ಕಾಫಿಬೀಜ ಹುರಿದು ಪುಡಿ ಮಾಡುತ್ತಿದ್ದರು. ಒದ್ದೆ ರಸ್ತೆಯ ವಾಸನೆಯೂ ಬಿಸಿ ಕಾಫಿಪುಡಿಯ ವಾಸನೆಯೂ ಒಟ್ಟಿಗೆ ಮೂಗಿಗೆ ಬಂದದ್ದೇ ತಡ, ಕಾಲು ತಾನಾಗಿ ನಿಂತುಬಿಟ್ಟಿತು. ಎದುರಿಗೇ ಆ ಹಳೆಯ ಹೆಂಚಿನ ಮನೆ. ಮುಂದೆ ಜಗಲಿ, ಜಗಲಿಗೆ ಮೂರು ಮೆಟ್ಟಿಲು. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಪ್ರತಿ ಗುರುವಾರ ನನ್ನ ತಮ್ಮ ಬಸುವನ್ನು ನಾನು ಕರೆತರುತ್ತಿದ್ದದ್ದು ಈ ಮನೆಗೆ. ನಲವತ್ತು ವರ್ಷದ ಗಂಡಸನ್ನು ಕೈಹಿಡಿದು ಮೂರು ಮೆಟ್ಟಿಲು ಹತ್ತಿಸುವುದು ಎಷ್ಟು ದೊಡ್ಡ ಕೆಲಸ ಎಂಬುದು ಹತ್ತಿಸಿದವರಿಗೇ ಗೊತ್ತು.

ನಮ್ಮದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿ, ಅಪ್ಪ ಇಟ್ಟದ್ದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಶಿವಣ್ಣ ನಡೆಸುತ್ತಾನೆ, ಕೌಂಟರಿನಲ್ಲಿ ನಾನು. ಬಾಯಿಯೇ ನನ್ನ ಬಂಡವಾಳ. ಗಿರಾಕಿ ಕೊಡೆ ಮಡಿಸುವಷ್ಟರಲ್ಲಿ ಹತ್ತು ಮಾದರಿ ಹರಡಿ, ಛತ್ರ ಯಾವುದು, ಮುಹೂರ್ತ ಎಷ್ಟು ಗಂಟೆಗೆ ಎಂದೆಲ್ಲ ಕೇಳಿ ಮುಗಿಸಿರುತ್ತೇನೆ. ನಾನು ಸುಮ್ಮನಿರುವುದು ನಿದ್ದೆಯಲ್ಲಿ ಮಾತ್ರ, ಅದಕ್ಕೂ ಖಾತ್ರಿ ಕೊಡುವುದಿಲ್ಲ ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಾರೆ. ನನ್ನ ಮನೆ ಚಾಮರಾಜಪೇಟೆಯಲ್ಲೇ, ತವರಿನಿಂದ ಎರಡು ರಸ್ತೆ ಆಚೆ. ಹಾಗಾಗಿ ಬೆಳಿಗ್ಗೆ ತವರಿಗೆ ಹೋಗಿ ಬಸುವನ್ನು ಕರೆದುಕೊಂಡೇ ಅಂಗಡಿಗೆ ಹೋಗುವುದು ನನ್ನ ರೂಢಿ.

ಬಸುವಿಗೆ ಹುಟ್ಟಿನಿಂದ ಆಟಿಸಂ. ಬುದ್ಧಿ ಬೆಳವಣಿಗೆಯೂ ನಿಧಾನ, ಜೊತೆಗೆ ಫಿಟ್ಸ್. ಬಾಯಲ್ಲಿ ಹತ್ತು ಹನ್ನೆರಡು ಮಾತು, ಅದರಲ್ಲಿ 'ಬೇಡ' ಒಂದು, 'ಕಾಪಿ' ಒಂದು, ನನ್ನನ್ನು ಕರೆಯುವ 'ಕ್ಕಾ' ಒಂದು. ಆದರೆ ಕಾರ್ಡು ವಿಂಗಡಿಸುವುದರಲ್ಲಿ ಅವನ ಮುಂದೆ ನಾವೆಲ್ಲ ಸೊನ್ನೆ. ಕಲಸಿಹೋದ ರಾಶಿ ಕೊಟ್ಟರೆ ಒಂದೊಂದನ್ನೂ ಮೂಸಿ, ಹೆಬ್ಬೆರಳಲ್ಲಿ ಸವರಿ, ದಪ್ಪದ್ದು ದಪ್ಪಕ್ಕೆ ಉಬ್ಬಚ್ಚಿನದು ಉಬ್ಬಚ್ಚಿಗೆ ಜೋಡಿಸಿಡುತ್ತಿದ್ದ. ಮೂಸುವುದು, ಸವರುವುದು ನಮಗೆ ವಿಚಿತ್ರ ಅನ್ನಿಸಿದ್ದೇ ಇಲ್ಲ. ಕಾಗದದ ವ್ಯಾಪಾರದವರು ಎಲ್ಲರೂ ಹಾಗೆಯೇ. ನಮ್ಮ ಅಪ್ಪ ಕಾಗದವನ್ನು ಬೆರಳಲ್ಲಿ ಉಜ್ಜಿ ನೋಡದೆ ಒಂದು ಹಾಳೆ ಕೊಂಡವರಲ್ಲ. ಬಸು ಅಪ್ಪನನ್ನೇ ಹೋಲುತ್ತಾನೆ ಎಂದು ಅಮ್ಮ ಹೆಮ್ಮೆಪಡುತ್ತಿದ್ದಳು.

ಹದಿನೆಂಟರ ತನಕ ಅವನಿಗೆ ಒಬ್ಬ ಒಳ್ಳೆಯ ಮಕ್ಕಳ ಡಾಕ್ಟರಿದ್ದರು. ಆಮೇಲೆ ಅವರು, ಇನ್ನು ದೊಡ್ಡವರ ಡಾಕ್ಟರಿಗೆ ತೋರಿಸಿ ಅಂದರು. ದೊಡ್ಡವರ ಡಾಕ್ಟರುಗಳಲ್ಲಿ ಇವನು ಯಾರಿಗೂ ಸೇರಿದವನಾಗಿರಲಿಲ್ಲ. ಫಿಟ್ಸ್‌ಗೆ ಒಬ್ಬರು, ಸಿಟ್ಟಿಗೆ ಒಬ್ಬರು, ಹೊಟ್ಟೆಗೆ ಇನ್ನೊಬ್ಬರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುತ್ತಿರಲಿಲ್ಲ, ಓದಿದರೂ ಅವರ ಮಾತ್ರೆಯ ಮೇಲೆ ತಮ್ಮದೊಂದು ಸೇರಿಸುತ್ತಿದ್ದರೇ ಹೊರತು ಒಂದನ್ನೂ ತೆಗೆಯುತ್ತಿರಲಿಲ್ಲ. ಕಾಯುವ ಜಾಗದಲ್ಲಿ ಎರಡು ಗಂಟೆ ಕೂತು ಅವನು ಕಿರುಚತೊಡಗಿದರೆ ಒಳಗೆ ಹೋಗುವಷ್ಟರಲ್ಲಿ ನಮ್ಮ ಕಥೆ ಮುಗಿದಿರುತ್ತಿತ್ತು. ಅವರು ನೋಡುತ್ತಿದ್ದದ್ದು ಆ ಕಿರುಚಾಟವನ್ನು. ಅದಕ್ಕೊಂದು ಮಾತ್ರೆ ಬರೆದು ಮುಂದಿನವರನ್ನು ಕರೆಯುತ್ತಿದ್ದರು.

ಆ ವರ್ಷ ಯುಗಾದಿಯಿಂದಲೇ ಅವನ ವರಸೆ ಬದಲಾಗಿತ್ತು. ಮೆಟ್ಟಿಲು ಇಳಿಯುವುದಿಲ್ಲವೆಂದು ಹಠ. ಬೀದಿಗೆ ಬಾ ಅಂದರೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದ. ಮಾತ್ರೆಯ ಮಂಪರಿನಲ್ಲೂ ಹಣೆ ಚಚ್ಚಿಕೊಳ್ಳುತ್ತಿದ್ದ. ಕಾರ್ಡಿನ ಬಣ್ಣ ಬೆರೆಸತೊಡಗಿದ, ಕೆಂಪಿನಲ್ಲಿ ಹಸಿರು, ಹಸಿರಿನಲ್ಲಿ ನೀಲಿ. ನಾನು ಬೈದೆ. ಬೇಕಂತಲೇ ಮಾಡುತ್ತಾನೆ ಎಂದುಕೊಂಡೆ, ಅದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಜ್ಯೇಷ್ಠದಲ್ಲಿ ಒಂದು ಬೆಳಿಗ್ಗೆ ಅಮ್ಮ ಬೆಂಚಿನ ಮೇಲೆ ಕೂತಿದ್ದ ಅವನ ಪಕ್ಕಕ್ಕೆ ಹೋಗಿ ಇಡ್ಲಿ ತಟ್ಟೆ ಚಾಚಿದಳು. ಅವನು ಬೆಚ್ಚಿ ಎರಡೂ ಕೈಯಲ್ಲಿ ತಳ್ಳಿದ. ಅಮ್ಮ ಬಿದ್ದು ಮಣಿಕಟ್ಟು ಮುರಿಯಿತು.

ಶಿವಣ್ಣ ಕೆಟ್ಟವನಲ್ಲ. ಇಪ್ಪತ್ತು ವರ್ಷ ಬಸುವಿಗೆ ಗಡ್ಡ ಹೆರೆದವನು ಅವನೇ. ಆದರೆ ಆ ಸಂಜೆ ಅಮ್ಮನ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವನು ನನ್ನನ್ನು ಅಡುಗೆಮನೆಗೆ ಕರೆದ.

"ತುಮಕೂರು ರೋಡ್ ಕಡೆ ಇಂಥವರಿಗೇ ಅಂತ ಒಂದು ಮನೆ ಇದೆ. ಮಾತಾಡ್ಬಿಟ್ಟಿದೀನಿ. ದಸರಾವರೆಗೆ ಜಾಗ ಹಿಡಿದಿಟ್ಟಿರ್ತಾರೆ," ಅಂದ.

"ನಮ್ಮನ್ನ ಒಂದು ಮಾತು ಕೇಳ್ದೆ?"

"ಅಮ್ಮಂಗೆ ಎಪ್ಪತ್ತೈದು ಗಿರಿಜಾ. ಇವತ್ತು ಕೈ, ನಾಳೆ ಸೊಂಟ ಮುರಿದ್ರೆ ಯಾರು ಎತ್ತೋದು? ನೀನಾ?"

ಆ ಮನೆಯನ್ನು ನಾನೂ ಹೋಗಿ ನೋಡಿ ಬಂದೆ. ಚೊಕ್ಕಟವಾಗಿತ್ತು, ಒಳ್ಳೆಯ ಜನ. ಆದರೆ ಮಧ್ಯಾಹ್ನ ಮೂರು ಗಂಟೆಗೆ ಒಂದು ಕೋಣೆಯಲ್ಲಿ ಹತ್ತು ಜನ ಗಂಡಸರು ಗೋಡೆಗೊರಗಿ ಕೂತಿದ್ದರು, ಯಾರ ಕೈಯಲ್ಲೂ ಏನೂ ಇರಲಿಲ್ಲ. ಬಸುವಿನ ಕೈ ಖಾಲಿ ಇರುವುದನ್ನು ನಾನು ಯಾವತ್ತೂ ನೋಡಿದವಳಲ್ಲ. ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಅತ್ತೆ.

ಆಷಾಢ ನಮ್ಮ ಅಂಗಡಿಗೆ ನೊಣ ಹೊಡೆಯುವ ಕಾಲ. ಮದುವೆಯಿಲ್ಲ, ಗಿರಾಕಿಯಿಲ್ಲ. ಅಂಥ ಒಂದು ಮಧ್ಯಾಹ್ನ ಮಳೆಗೆ ಸಿಕ್ಕಿಕೊಂಡ ಹೆಂಗಸೊಬ್ಬರು ನಮ್ಮ ಅಂಗಡಿಯೊಳಗೆ ನಿಂತರು. ಮೂಲೆಯಲ್ಲಿದ್ದ ಬಸುವನ್ನು ನೋಡಿ, ತಮ್ಮ ಅಕ್ಕನ ಮಗಳೂ ಹೀಗೇ, ಅವಳನ್ನು ಬಸವನಗುಡಿಯಲ್ಲಿ ಒಂದು ಕಡೆ ತೋರಿಸುತ್ತೇವೆ, ಅಲ್ಲಿ ದೊಡ್ಡವರನ್ನೇ ನೋಡುವುದು, ಎಲ್ಲ ಡಾಕ್ಟರೂ ಒಟ್ಟಿಗೆ ಕೂರುತ್ತಾರೆ ಅಂದರು. ಎಲ್ಲರೂ ಒಟ್ಟಿಗೆ ಎಂಬ ಮಾತನ್ನು ನಾನು ನಂಬಲಿಲ್ಲ. ಹಾಗಿದ್ದರೂ ಫೋನ್ ಮಾಡಿದೆ.

ಮೊದಲ ಗುರುವಾರ ಅವರು ಅವನನ್ನು ಮುಟ್ಟಲೇ ಇಲ್ಲ. ಜಗಲಿಯ ಮೇಲೆ ಅರ್ಧ ಗಂಟೆ ಕೂರಿಸಿದರು. ಕಾಫಿಪುಡಿಯ ವಾಸನೆ ಬರುತ್ತಿತ್ತು, ಅವನು ಮೂಗೆತ್ತಿ ಅದನ್ನೇ ಕುಡಿಯುತ್ತ ತೆಪ್ಪಗೆ ಕೂತ. ಆಮೇಲೆ ಒಳಗೆ ಒಂದೇ ಕೋಣೆ, ಒಂದು ದೊಡ್ಡ ಮೇಜು. ನಾವು ಬಾಗಿಲಿಂದ ಬಾಗಿಲಿಗೆ ಅಲೆಯಬೇಕಾಗಿರಲಿಲ್ಲ, ಅವರೇ ಬಂದು ಕೂತರು. ಹಿರಿಯರು ಡಾಕ್ಟರ್ ವಸಂತಾ, ಮಾನಸಿಕ ವೈದ್ಯರು, ನೂಲಿನ ಸೀರೆಯವರು. ಲಿಲ್ಲಿ ಸಿಸ್ಟರ್, ನರ್ಸು. ಊಟ, ಸ್ನಾನ, ನಡಿಗೆಯಂಥ ದಿನದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಥೆರಪಿಸ್ಟ್ ನಿಖತ್, ಇನ್ನೂ ಮೂವತ್ತರ ಒಳಗಿನ ಹುಡುಗಿ. ಫಿಟ್ಸ್ ಡಾಕ್ಟರು ಒಬ್ಬರು. ಎಲ್ಲರಿಗೂ ಸೇರಿ ಒಂದೇ ಫೈಲು. ಲಿಲ್ಲಿ ಸಿಸ್ಟರ್ ನನ್ನ ಚೀಲದಿಂದ ಅವನ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಒಂದೊಂದು ಪಟ್ಟಿಯನ್ನೂ ಎತ್ತಿ, "ಇದು ಯಾಕೆ?" ಅಂತ ಕೇಳಿದರು. ಎರಡಕ್ಕೆ ಯಾರ ಬಳಿಯೂ ಉತ್ತರವಿರಲಿಲ್ಲ. ಡಾಕ್ಟರುಗಳು ನಮ್ಮೆದುರಿಗೇ ಒಬ್ಬರನ್ನೊಬ್ಬರು ಕೇಳಿಕೊಂಡು, ವಾದ ಮಾಡಿಕೊಂಡು, ಒಂದನ್ನು ನಿಧಾನವಾಗಿ ಇಳಿಸೋಣ ಎಂದು ತೀರ್ಮಾನಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಮಾತ್ರೆ ಕಮ್ಮಿ ಮಾಡಿದ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿ ನನ್ನ ಬಾಯಿ ಸುಮ್ಮನಿತ್ತು ಅಂದುಕೊಳ್ಳಬೇಡಿ. ಬಸುವನ್ನು ಏನು ಕೇಳಿದರೂ ಉತ್ತರ ನನ್ನದೇ. ಬಸು ಕಾಪಿ ಬೇಕಾ ಅಂದರೆ ಬೇಕು ಅನ್ನುವುದು ನಾನು. ಮೂರನೆಯ ಗುರುವಾರ ನಿಖತ್ ತನ್ನ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

"ಅಕ್ಕಾ, ಒಂದು ಸಹಾಯ ಮಾಡ್ತೀರಾ? ಐದು ನಿಮಿಷ ಏನೂ ಮಾತಾಡ್ಬೇಡಿ. ಬಸು ಅವರಿಗೆ ಹೇಳೋಕೆ ಟೈಮ್ ಬೇಕು. ನೀವು ಫಾಸ್ಟ್ ಇದೀರಾ."

"ಐದು ನಿಮಿಷಾನಾ?" ಅಂದೆ.

"ಆಗುತ್ತೆ, ಟ್ರೈ ಮಾಡಿ," ಅಂತ ಲಿಲ್ಲಿ ಸಿಸ್ಟರ್ ನಕ್ಕರು.

ಬಸು ಮೇಜಿನ ಮುಂದೆ ಕೂತು ಕಾರ್ಡು ವಿಂಗಡಿಸುತ್ತಿದ್ದ. ನಾನು ಅವನ ಎಡಕ್ಕೆ, ಒಂದು ಮಾರು ದೂರದಲ್ಲಿ, ಸೆರಗಿನ ತುದಿ ಕಚ್ಚಿಕೊಂಡು ಕೂತೆ. ಒಂದು ನಿಮಿಷವಾಗಿರಬಹುದು, ಅವನ ಕೈ ನಿಂತಿತು. ಮುಖ ಎತ್ತಿದ. "ಕ್ಕಾ" ಅಂದ, ಬಲಗಡೆಗೆ ತಿರುಗಿ. ನಿಖತ್ ನನ್ನನ್ನು ಕೈಸನ್ನೆಯಲ್ಲೇ ತಡೆದಳು. ಅವನು ಎದ್ದ. ಬಾಗಿಲ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ. ನನ್ನ ಮೇಲೂ ಅವನ ಮುಖ ಹಾದುಹೋಯಿತು, ನಿಲ್ಲಲಿಲ್ಲ. ಆಮೇಲೆ ಎಡಗೈ ಮುಂದೆ ಚಾಚಿ ಗಾಳಿಯಲ್ಲಿ ತಡಕುತ್ತ ಬಂದ. ಕುರ್ಚಿಯ ಬೆನ್ನು ಸಿಕ್ಕಿತು, ನನ್ನ ಭುಜ ಸಿಕ್ಕಿತು, ಕೆನ್ನೆ ಸವರಿ ಮೂಗುಬೊಟ್ಟು ಸಿಕ್ಕಿದ ಮೇಲೆ ನಿಟ್ಟುಸಿರು ಬಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ನಿಖತ್ ಮೆಲ್ಲಗೆ, "ಮೇಡಂ, ಇವರಿಗೆ ಕಣ್ಣು ಕಾಣಿಸ್ತಿಲ್ಲ ಅನ್ಸುತ್ತೆ," ಅಂದಳು. ನನ್ನ ಕಡೆ ತಿರುಗಿ, "ನಿಮ್ಮ ಧ್ವನಿ ಹಿಡ್ಕೊಂಡೇ ಇಷ್ಟು ದಿನ ಓಡಾಡ್ತಿದ್ರು ಅಕ್ಕಾ," ಅಂದಳು.

ಮುಂದಿನ ಗುರುವಾರ ಕಣ್ಣಿನ ಡಾಕ್ಟರೊಬ್ಬರನ್ನು ಅದೇ ಕೋಣೆಗೆ ಕರೆಸಿದರು. ಬಸುವಿನ ಗಲ್ಲ ಹಿಡಿಯಲು ಮೂರು ವಾರ ಹಿಡಿಯಬಹುದು ಎಂದುಕೊಂಡಿದ್ದರು, ಒಂದೇ ದಿನದಲ್ಲಿ ಆಯಿತು. ನಾನು ಅವನ ಕೈಗೆ ಉಬ್ಬಚ್ಚಿನ ಕಾರ್ಡು ಕೊಟ್ಟು ಬಾಯಿಗೆ ಬಂದದ್ದು ಮಾತಾಡುತ್ತ ಕೂತೆ, ಆ ದಿನ ಮಾತಾಡಲು ಅಪ್ಪಣೆಯಿತ್ತು. ಎರಡು ಕಣ್ಣಿನಲ್ಲೂ ಪೊರೆ. ಎಡಗಣ್ಣು ಪೂರಾ ಮುಚ್ಚಿದೆ, ಬಲಗಣ್ಣು ಅರ್ಧ. ವರ್ಷಗಟ್ಟಲೆ ಕಣ್ಣು ಉಜ್ಜಿಕೊಂಡು, ಹಣೆ ಚಚ್ಚಿಕೊಂಡು ಬಂದಿರಬಹುದು, ಬೇರೆ ಕಾರಣವೂ ಇರಬಹುದು ಅಂದರು. ಟಾರ್ಚಿನ ಬೆಳಕಿನಲ್ಲಿ ನನಗೂ ತೋರಿಸಿದರು. ಕಪ್ಪಾಗಿರಬೇಕಾದ ಕಡೆ ಅಕ್ಕಿ ತೊಳೆದ ನೀರಿನ ಬಣ್ಣ. ಬಸು ಯಾರ ಮುಖವನ್ನೂ ನೋಡುವವನಲ್ಲ. ನಾವೂ ಅವನ ಕಣ್ಣು ನೋಡುವುದನ್ನು ಬಿಟ್ಟು ಎಷ್ಟು ವರ್ಷವಾಗಿತ್ತೋ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ನಾನು ಎಡಗಡೆಯಿಂದ ಹೋಗಿದ್ದೆ ಕಣೇ," ಅಂದಳು. "ಅವನಿಗೆ ತಟ್ಟೆ ಎಲ್ಲಿಂದ ಬಂತು ಅಂತಲೇ ಗೊತ್ತಾಗಿಲ್ಲ."

ಆಪರೇಷನ್ ಅಂದಕೂಡಲೇ ಶಿವಣ್ಣ ಬೇಡ ಅಂದ. ಅವನ ಮಾತಿನಲ್ಲೂ ಅರ್ಥವಿತ್ತು. ಪೂರ್ತಿ ಅರಿವಳಿಕೆ ಕೊಡಬೇಕು, ಫಿಟ್ಸ್ ಇದೆ. ಆದ ಮೇಲೆ ಕಣ್ಣು ಉಜ್ಜಿದರೆ, ಹಣೆ ಚಚ್ಚಿಕೊಂಡರೆ ಇರುವುದೂ ಹೋಗುತ್ತದೆ. ಅವನನ್ನೂ ಒಂದು ಗುರುವಾರ ಎಳೆದುಕೊಂಡು ಹೋದೆ. ಮೇಜಿನ ಸುತ್ತ ಎಲ್ಲರೂ ಅವನ ಪ್ರಶ್ನೆ ಕೇಳಿಸಿಕೊಂಡರು, ಯಾರೂ ಗದರಲಿಲ್ಲ.

"ಗ್ಯಾರಂಟಿ ಕೊಡ್ತೀರಾ ಡಾಕ್ಟರೇ?" ಅಂದ ಶಿವಣ್ಣ.

"ಇಲ್ಲ," ಅಂದರು ಡಾಕ್ಟರ್ ವಸಂತಾ. "ಕಣ್ಣು ಬಂದ್ರೆ ಎಲ್ಲಾ ಸರಿಹೋಗುತ್ತೆ ಅಂತ್ಲೂ ಹೇಳಲ್ಲ. ಆದ್ರೆ ಈಗ ಅವರು ಹೆದರ್ತಿರೋದಕ್ಕೆ ನಾವು ಮಾತ್ರೆ ಕೊಡ್ತಾ ಇದೀವಿ. ಹೆದರಿಕೆ ಕಾರಣ ಗೊತ್ತಾಗಿದೆ. ಒಂದೂವರೆ ತಿಂಗಳು ಪ್ರಾಕ್ಟೀಸ್ ಮಾಡಿಸೋಣ. ಪ್ರಾಕ್ಟೀಸ್‌ನಲ್ಲಿ ಆಗ್ಲಿಲ್ಲ ಅಂದ್ರೆ ಆಪರೇಷನ್ ಬೇಡ, ನಾನೇ ಬೇಡ ಅಂತೀನಿ."

"ದಸರಾ ಹೊತ್ತಿಗೆ ನಾನು ಆ ಕಡೆ ಉತ್ತರ ಕೊಡ್ಬೇಕು."

"ಕೊಡಿ. ಅಲ್ಲೀವರೆಗೂ ಟೈಮ್ ಕೊಡಿ."

ಹೀಗೆ ಶ್ರಾವಣದಲ್ಲಿ ನಮ್ಮ ಮನೆಯ ಪಾಠ ಶುರುವಾಯಿತು. ಆಪರೇಷನ್ ಆದ ಕಣ್ಣಿನ ಮೇಲೆ ತೂತುಗಳಿರುವ ಪ್ಲಾಸ್ಟಿಕ್ ಬಟ್ಟಲೊಂದನ್ನು ಅಂಟಿಸುತ್ತಾರೆ. ಅದನ್ನು ಕೀಳದೆ ಇರುವುದನ್ನು ಬಸು ಕಲಿಯಬೇಕು. ನಿಖತ್ ಆರು ಬಟ್ಟಲು ಕೊಟ್ಟು, "ಅವರೊಬ್ಬರಿಗೇ ಹಾಕ್ಬೇಡಿ, ಎಲ್ಲರೂ ಹಾಕ್ಕೊಳ್ಳಿ. ಅವರು ಮುಟ್ಟಿ ನೋಡ್ಲಿ," ಅಂದಳು. ಸಂಜೆ ಕಾಫಿ ಹೊತ್ತಿಗೆ ಅಮ್ಮ, ನಾನು, ನನ್ನ ಗಂಡ, ಅತ್ತಿಗೆ ಎಲ್ಲರೂ ಒಂದೊಂದು ಕಣ್ಣಿಗೆ ಬಟ್ಟಲು ಕಟ್ಟಿಕೊಂಡು ಕೂರುತ್ತಿದ್ದೆವು. ಬಸು ಒಬ್ಬೊಬ್ಬರ ಮುಖವನ್ನೂ ತಡವಿ, ಬಟ್ಟಲು ಇದೆ ಎಂದು ಖಾತ್ರಿ ಮಾಡಿಕೊಂಡು, ತನ್ನದನ್ನು ಬಿಡುತ್ತಿದ್ದ. ಮೊದಲ ದಿನ ಹತ್ತು ಎಣಿಸುವಷ್ಟು, ವಾರ ಕಳೆದ ಮೇಲೆ ಒಂದು ಲೋಟ ಕಾಫಿ ಮುಗಿಯುವಷ್ಟು. ಒಂದು ಸಲ ನಾನು ಬಿಚ್ಚಲು ಮರೆತು ಹಾಗೇ ಅಂಗಡಿಗೆ ಹೋಗಿ, ಅರ್ಧ ಗಂಟೆ ಗಿರಾಕಿಗೆ ಕಾರ್ಡು ತೋರಿಸಿದೆ. ಅವರು ಪಾಪ, ಕಣ್ಣಿಗೆ ಏನಾಯಿತು ಎಂದು ಕೇಳಲು ಸಂಕೋಚಪಟ್ಟು ಬೇಗ ಆರ್ಡರ್ ಕೊಟ್ಟು ಹೋದರು.

ಶಿವಣ್ಣ ಮಾತ್ರ ಬಟ್ಟಲು ಕಟ್ಟಿಕೊಳ್ಳುತ್ತಿರಲಿಲ್ಲ. ಪೇಪರ್ ಓದುತ್ತ ಮೂಲೆಯಲ್ಲಿ ಕೂರುತ್ತಿದ್ದ. ಬಸು ಎಲ್ಲರ ಮುಖ ತಡವಿ ಅವನ ಹತ್ತಿರ ಬಂದಾಗ ಬಟ್ಟಲು ಸಿಗದೆ ತನ್ನದನ್ನೂ ಕಿತ್ತೆಸೆಯುತ್ತಿದ್ದ. ನಾಲ್ಕು ದಿನ ಹೀಗಾಯಿತು. ಐದನೆಯ ದಿನ ಅಮ್ಮ ಏನೂ ಹೇಳದೆ ಒಂದು ಬಟ್ಟಲನ್ನು ಅವನ ಪೇಪರಿನ ಮೇಲೆ ಇಟ್ಟಳು. ಬೈದುಕೊಂಡೇ ಕಟ್ಟಿಕೊಂಡ.

ಕಣ್ಣಿಗೆ ಬಿಡುವ ಹನಿಯ ಅಭ್ಯಾಸಕ್ಕೆ ಲಿಲ್ಲಿ ಸಿಸ್ಟರ್ ಮನೆಗೇ ಬರುತ್ತಿದ್ದರು. ಮೊದಲು ನನ್ನ ಕಣ್ಣಿಗೆ ನೀರಿನ ಹನಿ, ಆಮೇಲೆ ಅವನ ಕೈಯ ಮೇಲೆ, ಹಣೆಯ ಮೇಲೆ, ಕೊನೆಗೆ ಕಣ್ಣಿಗೆ. ಅರಿವಳಿಕೆಯ ಮಾಸ್ಕ್ ಒಂದನ್ನು ತಂದು ಅದರೊಳಗೆ ಚಿಟಿಕೆ ಕಾಫಿಪುಡಿ ಸವರಿ ಕೊಟ್ಟರು, ಅವನು ಅದನ್ನು ಮೂಗಿನಿಂದ ತೆಗೆಯಲೇ ಒಪ್ಪಲಿಲ್ಲ. ಎಲ್ಲವೂ ಸಲೀಸಾಗಿ ನಡೆಯಿತು ಅಂತಲ್ಲ. ಗೌರಿ ಹಬ್ಬದ ವಾರ ಎರಡು ಸಲ ಫಿಟ್ಸ್ ಬಂತು, ಮೂರು ದಿನ ಬಟ್ಟಲು ಮುಟ್ಟಲಿಲ್ಲ, ಹಣೆಯಲ್ಲಿ ರಕ್ತ ಬರಿಸಿಕೊಂಡ. ನಾನು ಕೈಚೆಲ್ಲಿ ಕೂತಿದ್ದೆ. ಫೋನ್ ಮಾಡಿದಾಗ ನಿಖತ್, "ಮೂರು ದಿನ ರಜಾ ಅಂದ್ಕೊಳ್ಳಿ, ಸೋಮವಾರ ಹತ್ತು ಎಣಿಸೋದ್ರಿಂದ ಮತ್ತೆ ಶುರು ಮಾಡೋಣ," ಅಂದಳು. ಹಾಗೇ ಮಾಡಿದೆವು.

ಡಾಕ್ಟರುಗಳು ಆಪರೇಷನ್ನಿಗೆ ಗೊತ್ತು ಮಾಡಿದ ದಿನ ಪಿತೃಪಕ್ಷದಲ್ಲಿ ಬಂತು. ಅಮ್ಮ ಒಪ್ಪಲಿಲ್ಲ. ಪೇಟೆಯವರು ನಾವು, ಆ ಹದಿನೈದು ದಿನ ಹೊಸ ಪೊರಕೆ ಸಹ ಕೊಳ್ಳುವುದಿಲ್ಲ. ಡಾಕ್ಟರ್ ವಸಂತಾ ಅವರೇ ಅಮ್ಮನ ಜೊತೆ ಮಾತಾಡಿದರು.

"ಅಮ್ಮಾ, ಆಗ ಯಾರೂ ಆಪರೇಷನ್ ಮಾಡಿಸಲ್ಲ, ಅದಕ್ಕೇ ಆಸ್ಪತ್ರೆ ಖಾಲಿ ಇರುತ್ತೆ. ಗಲಾಟೆ ಇಲ್ಲ. ಬೆಳಿಗ್ಗೆ ಮೊದಲನೇ ಸರದಿ ಬಸುದೇ, ಒಂದು ನಿಮಿಷಾನೂ ಕಾಯಿಸಲ್ಲ."

"ಅವರಪ್ಪನೂ ಆವಾಗ ಬಂದಿರ್ತಾರೆ ಬಿಡಿ, ನೋಡ್ಕೊಳ್ತಾರೆ," ಅಂದಳು ಅಮ್ಮ.

ಆಸ್ಪತ್ರೆಯಲ್ಲಿ ಲಿಲ್ಲಿ ಸಿಸ್ಟರ್ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಅದೇ ಮಾಸ್ಕ್, ಅದೇ ವಾಸನೆ. ಅವನು ಮೂಗೊಡ್ಡಿದ, ನಾನು ಮಾತಾಡುತ್ತಲೇ ಇದ್ದೆ, ಅವನ ಕೈ ನನ್ನ ಕೈಯಲ್ಲಿ ಸಡಿಲವಾಯಿತು. ಅವನಿಗೆ ಪದೇಪದೇ ನಿದ್ದೆ ಬರಿಸಲಾಗುವುದಿಲ್ಲವೆಂದು ಆ ಒಂದೇ ನಿದ್ದೆಯಲ್ಲಿ ನಾಲ್ಕು ಕೆಲಸ ಮಾಡಲು ಮೊದಲೇ ಮಾತಾಡಿಕೊಂಡಿದ್ದರು. ಎಡಗಣ್ಣಿನ ಪೊರೆ ತೆಗೆದರು, ಹಲ್ಲಿನ ಡಾಕ್ಟರು ಬಂದು ಬಾಯೆಲ್ಲ ನೋಡಿ ಎರಡು ಹುಳುಕು ಹಲ್ಲು ಕಿತ್ತರು, ಕಿವಿ ಶುಚಿ ಮಾಡಿದರು, ರಕ್ತ ತೆಗೆದುಕೊಂಡರು. ಹುಳುಕು ಹಲ್ಲಿನ ವಿಷಯವೂ ನಮಗೆ ಗೊತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಶಿವಣ್ಣ ನನ್ನ ಪಕ್ಕ ಕೂತಿದ್ದ.

ಬಸು ಬಟ್ಟಲು ಕೀಳಲಿಲ್ಲ. ಮೊದಲ ವಾರ ಮನೆಯಲ್ಲಿ ಐದೂ ಜನ ಬಟ್ಟಲು ಕಟ್ಟಿಕೊಂಡೇ ಓಡಾಡಿದೆವು, ಹಾಲಿನವನು ಬಾಗಿಲಲ್ಲೇ ಹಿಂದೆ ಸರಿದ. ಬಿಚ್ಚಿದ ಮೇಲೆ ಪವಾಡವೇನೂ ನಡೆಯಲಿಲ್ಲ. ಅವನು ನಮ್ಮ ಮುಖ ನೋಡಿ ನಗಲಿಲ್ಲ, ಮುಂಚೆಯೂ ನೋಡುತ್ತಿರಲಿಲ್ಲ. ಆದರೆ ಮಾರನೆಯ ದಿನ ಬೀದಿಯ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಇಳಿದ. ನಿಂತು ಎಡಕ್ಕೆ ನೋಡಿದ. ಒಂದು ಆಟೋ ಹೋಯಿತು. ಅದು ಮೂಲೆ ತಿರುಗುವ ತನಕ ನೋಡುತ್ತಲೇ ನಿಂತ. ನಾನು ಬಾಗಿಲ ಹಿಂದೆ ನಿಂತು ಅತ್ತೆ, ಈ ಸಲ ಸಂತೋಷಕ್ಕೆ.

ಆಯುಧಪೂಜೆಯ ದಿನ ಅಂಗಡಿಯ ಪೂಜೆ ಮುಗಿಸಿ ಎಲ್ಲರೂ ತವರುಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಬಸು ನಡುಮನೆಯ ಬೆಂಚಿನ ಮೇಲೆ ಕೂತಿದ್ದ. ಕೈ ಮುರಿದಂದಿನಿಂದ ಅಮ್ಮ ಅವನ ತಟ್ಟೆಯನ್ನು ದೂರದಿಂದಲೇ ತಳ್ಳಿ ಸರಿದು ನಿಲ್ಲುತ್ತಿದ್ದಳು. ಅವತ್ತು ಒಬ್ಬಟ್ಟಿನ ತಟ್ಟೆ ಹಿಡಿದು, ಬೇಕಂತಲೇ ಇರಬೇಕು, ಎಡಗಡೆಯಿಂದ ನಡೆದಳು. ಶಿವಣ್ಣ ಥಟ್ಟನೆ ಎದ್ದು ನಿಂತ. ಬಸು ತಲೆ ತಿರುಗಿಸಿದ. ಅಮ್ಮನ ಕೈಯನ್ನು ನೋಡಿದ, ತಟ್ಟೆಯನ್ನು ನೋಡಿದ. ಆಮೇಲೆ ಬೆಂಚಿನ ಮೇಲೆ ಬಲಕ್ಕೆ ಸರಿದು ಅಮ್ಮನಿಗೆ ಕೂರಲು ಜಾಗ ಬಿಟ್ಟ. ಅಮ್ಮ ಕೂತಳು. ಇಬ್ಬರೂ ಒಂದೇ ತಟ್ಟೆಯಲ್ಲಿ ಒಬ್ಬಟ್ಟು ತಿಂದರು.

ಶಿವಣ್ಣ ಮುಖ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವನ ಫೋನು ಹೊಡೆದುಕೊಳ್ಳುತ್ತಿತ್ತು. ತುಮಕೂರು ರಸ್ತೆಯ ಆ ಮನೆಯ ಮ್ಯಾನೇಜರು. ನನಗೆ ಕೇಳಿಸಲಿ ಎಂದೋ ಏನೋ, ಅಲ್ಲೇ ನಿಂತು ಮಾತಾಡಿದ.

"ಇಲ್ಲ ಸಾರ್, ನಾವು ಕರ್ಕೊಂಡು ಬರಲ್ಲ. ನಮ್ಮ ತಮ್ಮ ಮನೇಲೇ ಇರ್ತಾನೆ. ಬಲಗಣ್ಣಿಂದು ಇನ್ನೂ ಆಪರೇಷನ್ ಇದೆ."

ಆ ಕಡೆಯಿಂದ ಏನೋ ಹೇಳಿದರು.

"ಹೌದಾ? ಕಾಯ್ತಿರೋರು ತುಂಬ ಜನ ಇದ್ದಾರಾ?" ಅಂದ ಶಿವಣ್ಣ. ಬೆಂಚಿನ ಕಡೆ ನೋಡಿದ.

"ಸಾರ್, ಅವರಿಗೆಲ್ಲ ಕಣ್ಣು ತೋರಿಸಿದ್ದಾರಾ, ಕೇಳಿ. ಹಲ್ಲು? ಕಿವಿ? ಕೇಳಿ ಸಾರ್ ಒಂದ್ಸಲ. ಪೆನ್ ಇದ್ಯಾ? ಬಸವನಗುಡೀಲಿ ಒಂದು ಜಾಗ ಇದೆ, ಅಡ್ರೆಸ್ ಹೇಳ್ತೀನಿ, ಬರ್ಕೊಳ್ಳಿ."